ಹಪ್ಪಳ ಕರಿತಾ ಭಾಷಣ ಕೇಳದು ಹ್ಯಾಂಗೆ?

ಬಪ್ಪ ತಿಂಗಳು ನಮ್ಮ ಕಡೆ ಮತ್ತೊಂದು ಸಹಾಯಾರ್ಥ ಊಟ ಮಾಡವು ಹೇಳಿ ಮಾತು ಶುರುವಾಜು. ಬರೆಯುವವರನ್ನ ಕರೆಯದು, ಅವರ ಮಾತು ಕೇಳದು, ಎಲ್ಲರೂ ಕೂತು ಉಂಬದು, ಅವರ ಸಹಿ ಹಾಕಿಸಿ ಪುಸ್ತಕ ತಗಳದು, ಉಳಿದ ದುಡ್ಡನ್ನ ಕಷ್ಟದಲ್ಲಿ ಇಪ್ಪವ್ರಿಗೆ ಕೊಡದು. ಯೋಚನೆ ನಂಗೂ ಇಷ್ಟವೇ. ಆದ್ರೆ ಹೋದ ವರ್ಷ ಎಂತಾತು ಹೇಳಿ ಒಂದ್ಸಲ ನೆನಪು ಮಾಡ್ಕ್ಯಂಡು ಮುಂದೆ ಹೋಪನ.

ಹೋದ ವರ್ಷ ಊರಿನ ಒಬ್ಬರ ಕಿಡ್ನಿ ಚಿಕಿತ್ಸೆಗೆ ಹೇಳಿ ಮಾಡಿದ್ದು. ವಾರಕ್ಕೆ ಎರಡು ಸಲ ಶಿವಮೊಗ್ಗಕ್ಕೆ ಹೋಗಿಬರುವ ಖರ್ಚೇ ಅವರ ಮನೆಯವರ ಬೆನ್ನು ಮುರಿತಿತ್ತು. ಟಿಕೆಟ್ಟಿಗೆ 300 ರೂಪಾಯಿ, 120 ಟಿಕೆಟ್ ಹೋತು. ಅಲ್ಲಿಗೆ 36,000. ದಿನಸಿಗೆ 14,000, ಶಾಮಿಯಾನ-ಮೈಕಿಗೆ 7,500, ಶಾಲು-ಹಾರ-ಫಲಕಕ್ಕೆ 4,200. ಉಳಿದದ್ದು 10,300! ಉಂಡವರು ಮಾತ್ರ 160 ಜನ. ಟಿಕೆಟ್ ಇಲ್ಲದವರನ್ನ ಎಬ್ಬಿಸಲೆ ಆಗ್ತ? ನೆಂಟರಲ್ದ! ಅಪ್ಪೆಹುಳಿ ಎರಡನೇ ಪಂಕ್ತಿಗೇ ಮುಗತ್ತು, ನೀರು ಹಾಕಿ ಉದ್ದ ಮಾಡಿದವಳು ನಾನೇ.

ಲೇಖಕಿ ಅರ್ಧ ಗಂಟೆ ಮಾತಾಡಿದ್ದಡ. "ಮಾತಾಡಿದ್ದಡ" ಹೇಳ್ತಿ ಯಾಕಂದ್ರೆ ನಾನು ಕೇಳಿದ್ದಿಲ್ಲೆ. ಆಗ ಹಿಂದಿನ ಕೊಟ್ಟಿಗೆ ಮಾಡಿನಲ್ಲಿ ಹಪ್ಪಳ ಕರಿತಾ ಇದ್ದಿದ್ದಿ. ಸುಮಾರು ಹದಿನಾಲ್ಕು ಹೆಂಗಸ್ರು ಅಲ್ಲೇ. ಎಣ್ಣೆ ಸದ್ದಿನ ನಡುವೆ ಮೈಕಿಂದ "ಹೆಣ್ಣುಮಕ್ಕಳ ದನಿ" ಹೇಳದೊಂದು ಕೇಳ್ತು, ಆಮೇಲೆ ಚಪ್ಪಾಳೆ. ಎದುರಿಗೆ ಕುರ್ಚಿ ಮೇಲೆ ಕೂತು ಆ ದನಿ ಕೇಳಿದವ್ರು ಹೆಚ್ಚಿನವರು ಗಂಡಸ್ರು, ಅದರಲ್ಲಿ ಕೆಲವರು ಊಟದ ಹೊತ್ತಾತಾ ಹೇಳಿ ಗಡಿಯಾರ ನೋಡ್ತಿದ್ದವ್ರು.

ಎಲೆ ಎತ್ತಿದ ಮೇಲೆ ಕೈ ಒರೆಸ್ಕ್ಯಂಡು ಪುಸ್ತಕ ಹಿಡ್ಕಂಡು ಹೋದಿ. ಅವರು ಸಹಿ ಹಾಕ್ತಾ, "ನನ್ನ ಮಾತಲ್ಲಿ ನಿಮಗೆ ಯಾವುದು ಇಷ್ಟವಾಯ್ತು?" ಕೇಳಿದ್ರು. ನಂಗೆ ನಾಚಿಕೆ. "ಹಪ್ಪಳ ಕರಿತಿದ್ದೆ ಅಮ್ಮಾ" ಅಂದಿ. ಅವರು ಪೆನ್ನು ಮುಚ್ಚಿ ಎದ್ದು, ಸೀದಾ ಅಡುಗೆಕೊಟ್ಟಿಗೆಗೆ ಬಂದು ಮೊಗಚಿಟ್ಟ ಬಕೀಟಿನ ಮೇಲೆ ಕೂತ್ರು. ಆ ಹತ್ತು ನಿಮಿಷವೇ ನಂಗೆ ಅವತ್ತಿನ ಕಾರ್ಯಕ್ರಮ.

ಅವತ್ತು ಹೋದ ಪುಸ್ತಕ ಹತ್ತೊಂಬತ್ತು. ಆದ್ರೆ "ಒಂದು ಗೌರವ ಪ್ರತಿ ಕೊಡಿ, ಸಹಿ ಹಾಕಿ" ಹೇಳಿದವ್ರು ಎಷ್ಟು ಜನವೋ. ಸಾಮಾನ್ಯವಾಗಿ ಬರೆದವರಿಗೆ ಪುಸ್ತಕದ ಬೆಲೆಯಲ್ಲಿ ನೂರಕ್ಕೆ ಹತ್ತು ಸಿಗ್ತು. 200 ರೂಪಾಯಿ ಪುಸ್ತಕಕ್ಕೆ 20 ರೂಪಾಯಿ, ಒಂದು ತೆಂಗಿನಕಾಯಿಗೂ ಸಾಲದು. ಅದನ್ನೂ ಪುಕ್ಕಟೆ ಕೇಳದು ಸರಿಯ? ಅವರು ಬಸ್ಸಲ್ಲಿ ಬಂದಿದ್ದು, ಬಸ್ಸಲ್ಲೇ ಹೋದ್ರು. ಚಾರ್ಜು ಕೊಡವು ಹೇಳಿ ಯಾರಿಗೂ ನೆನಪೇ ಆಜಿಲ್ಲೆ. ಶಾಲು ಹೊದಿಸಿದ್ದು ಮಾತ್ರ ಎರಡು!

ಅಮೆರಿಕದಲ್ಲಿಪ್ಪ ತಂಗಿ ಮಗಳು ಹೇಳ್ತು, ಅಲ್ಲಿ ಲೈಬ್ರರಿಗೆ ದುಡ್ಡು ಕೂಡಿಸಲೆ ಹೀಂಗೇ ಊಟ ಇಟ್ಕತ್ವಡ, ಟಿಕೆಟ್ ಇಲ್ಲದೆ ಒಳಗೆ ಹೋಪಲೇ ಬತ್ತಿಲ್ಲೆಡ. ಅಷ್ಟು ದೂರ ಎಂತಕ್ಕೆ, ಸಹಾಯಾರ್ಥ ಯಕ್ಷಗಾನಕ್ಕೆ ನಾವೇ ಟಿಕೆಟ್ ತಗಂಡು ಹೋಗ್ತಿಲ್ಯ? ಹೆಗ್ಗೋಡಿನ ನೀನಾಸಂನಲ್ಲಿ ಸಂಸ್ಕೃತಿ ಶಿಬಿರಕ್ಕೆ ಶುಲ್ಕ ಕಟ್ಟಿಯೇ ಹೋಪದು. ಬರೆಯುವವರು, ಓದುವವರು ಒಟ್ಟಿಗೆ ಉಂಬದು, ಅಕ್ಷರ ಪ್ರಕಾಶನದ ಪುಸ್ತಕ ದುಡ್ಡು ಕೊಟ್ಟು ತಪ್ಪದು. 1949ರಲ್ಲಿ ಹಳ್ಳಿಯವರೇ ಸೇರಿ ಕಟ್ಟಿದ ಸಂಸ್ಥೆ ಅದು. ಅಲ್ಲಿ ದುಡ್ಡು ಕೊಟ್ಟು ಪುಸ್ತಕ ತಪ್ಪದು ಯಾರಿಗೂ ಅವಮಾನ ಹೇಳಿ ಕಾಣ್ತಿಲ್ಲೆ.

ಇನ್ನೊಂದು ಮಾತು. ನಮ್ಮ ತೀರ್ಥಹಳ್ಳಿಯಲ್ಲೇ ಹುಟ್ಟಿದ ಎಂ.ಕೆ. ಇಂದಿರಾ ಓದಿದ್ದು ಏಳು ವರ್ಷದ ಶಾಲೆ. 'ತುಂಗಭದ್ರಾ' ಬಂದಿದ್ದು 1963ರಲ್ಲಿ, ಅವರಿಗೆ ನಲವತ್ತು ದಾಟಿದ ಮೇಲೆ. ಅಷ್ಟು ವರ್ಷ ಸಂಸಾರ ಮಾಡ್ಕಂಡೇ ಇದ್ದವ್ರು. ಹಾಂಗಿಪ್ಪವ್ಳು ಈಗಲೂ ಒಬ್ಬಳು ನಮ್ಮ ಒಲೆ ಮುಂದೆ ಇದ್ರೆ? ಭಾಷಣ ಆಪಾಗ ಅವಳ ಕೈಗೆ ಜಾಲರಿ ಸೌಟು ಕೊಟ್ಟು ಹಿಂದೆ ಕೂರಿಸಿಡದಾ?

ಅದಕ್ಕೇ ಕೇಳ್ತಿ. ಹತ್ತು ಬಗೆ ಬೇಡ. ಒಂದು ತಂಬ್ಳಿ, ಒಂದು ಸಾರು, ಒಂದು ಪಲ್ಯ, ಒಂದು ಪಾಯ್ಸ ಸಾಕು. ಹನ್ನೊಂದಕ್ಕೇ ಅಡುಗೆ ಮುಗಿಸಿ ಮುಚ್ಚಿಡುವ, ಆಮೇಲೆ ಭಾಷಣ, ಮುಂದಿನ ಸಾಲು ಅಡುಗೆ ಮಾಡಿದವ್ರಿಗೆ. ಬಡಿಸದು ಗಂಡಸ್ರು. ಶಾಲು, ಫಲಕ ಬಿಟ್ಟು ಆ ದುಡ್ಡಲ್ಲಿ ಲೇಖಕರಿಗೆ ಹೋಗಿಬಪ್ಪ ಖರ್ಚು ಕವರಲ್ಲಿ ಹಾಕಿ ಕೊಡುವ. ಲೆಕ್ಕ ಅವತ್ತೇ ಗೋಡೆಗೆ ಅಂಟಿಸುವ. "ನೆಂಟರ ಹತ್ರ ಟಿಕೆಟ್ ಕೇಳದು ಚಂದ ಅಲ್ಲ" ಹೇಳಿ ನಮ್ಮನೆಯವ್ರು ಈಗಾಗ್ಲೇ ಗೊಣಗ್ತಾ ಇದ್ದ. ಅವರ ಟಿಕೆಟ್ ದುಡ್ಡು ಅವರ ಅಡಿಕೆ ದುಡ್ಡಿಂದಲೇ ತೆಗೆದಿಟ್ಟಿದ್ದಿ, ಅವರಿಗೆ ಇನ್ನೂ ಗೊತ್ತಿಲ್ಲೆ.

ಪಟ್ಟಿಯಲ್ಲಿ ನನ್ನ ಹೆಸರು ಹಪ್ಪಳಕ್ಕೇ ಬರ್ಕಳಿ, ಅಡ್ಡಿಲ್ಲೆ. ಬೆಳಿಗ್ಗೆ ಮನೆಯಲ್ಲೇ ಕರಿದು ಡಬ್ಬಿಗೆ ತುಂಬಿ ತತ್ತಿ.