ಕಡಲಿಗೆ ಹೋದ ನೀರು ವ್ಯರ್ಥವೇ?

ಘಟ್ಟದ ಹೊಳೆಗಳು ತುಂಬಿ ಹರಿದಾಗಲೆಲ್ಲ ಒಂದು ಮಾತು ವೇದಿಕೆಯಿಂದ ವೇದಿಕೆಗೆ ಕೇಳಿಬರುತ್ತದೆ: ನೀರೆಲ್ಲ ವ್ಯರ್ಥವಾಗಿ ಸಮುದ್ರ ಸೇರುತ್ತಿದೆ, ಅದನ್ನು ಬಯಲುಸೀಮೆಗೆ ತಿರುಗಿಸುತ್ತೇವೆ. ಈ ಮಾತಿಗೆ ಮೊದಲು ಚಪ್ಪಾಳೆ ಬೀಳುವುದು ನಮ್ಮ ಸೀಮೆಯಲ್ಲಿ. ನನ್ನಿವಾಳದಿಂದ ಮೊಳಕಾಲ್ಮೂರಿನವರೆಗಿನ ನೆಲ ರಾಜ್ಯದಲ್ಲೇ ಅತಿ ಕಡಿಮೆ ಮಳೆ ಕಾಣುವ ನೆಲ. ಶೇಂಗಾ ಬೆಳೆ ಕೈಕೊಟ್ಟರೆ ಚಳ್ಳಕೆರೆಯ ಎಣ್ಣೆ ಗಿರಣಿಯ ಗಾಣ ನಿಲ್ಲುತ್ತದೆ, ಕೂಲಿ ನಿಲ್ಲುತ್ತದೆ, ಅಂಗಡಿಯ ಉದ್ರಿ ಪುಸ್ತಕ ದಪ್ಪವಾಗುತ್ತದೆ. ಇಂಥ ನಮಗೆ ನೀರಿನ ಬೆಲೆಯನ್ನು ಯಾರೂ ಕಲಿಸಬೇಕಾಗಿಲ್ಲ. ಆದ್ದರಿಂದಲೇ ನಾವು ಕೇಳುತ್ತೇವೆ: ಕಡಲಿಗೆ ಹೋದ ನೀರು ನಿಜವಾಗಿ ವ್ಯರ್ಥವೇ?

ಸಕಲೇಶಪುರದ ಕಾಡಿನ ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳಗಳ ನೀರು ಕುಮಾರಧಾರೆಯನ್ನು ಕೂಡಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಸೇರಿ, ಮಂಗಳೂರು-ಉಳ್ಳಾಲಗಳ ನಡುವಿನ ಅಳಿವೆಯಲ್ಲಿ ಕಡಲಿಗೆ ಇಳಿಯುತ್ತದೆ. ಈ ಹೊಳೆಗಳಿಂದ ಮಳೆಗಾಲದಲ್ಲಿ 24.01 ಟಿ.ಎಂ.ಸಿ. ನೀರೆತ್ತುವ ಯೋಜನೆಗೆ 2012ರಲ್ಲಿ ಒಪ್ಪಿಗೆ ದೊರೆಯಿತು. ಮೊದಲ ಹಂತ 2024ರ ಸೆಪ್ಟೆಂಬರ್ 6ರಂದು ಚಾಲನೆಗೊಂಡಿತು. ಮುಂದಿನ ಕಾಲುವೆ ಮುಗಿಯದಿದ್ದುದರಿಂದ ಆ ವರ್ಷ ನೀರನ್ನು ವೇದಾವತಿ ಕಣಿವೆಯ ಮೂಲಕ ನಮ್ಮ ವಾಣಿವಿಲಾಸ ಸಾಗರಕ್ಕೇ ಹರಿಸಿದರು. 2025ರ ಜನವರಿಯಲ್ಲಿ ಜಲಾಶಯ ಕೋಡಿ ಬಿದ್ದಾಗ ನಮ್ಮವರು ಬಾಗಿನ ಬಿಟ್ಟರು. ನೀರು ಕುಡಿದವರು ಅದು ಎಲ್ಲಿಂದ ಬಂತೆಂದು ಕೇಳುವುದು ಧರ್ಮ.

ನೆರೆ ನೀರು ಅಳಿವೆಯಲ್ಲಿ ಮಾಡುವ ಕೆಲಸವೇನು? ವರ್ಷವಿಡೀ ಉಬ್ಬರದೊಡನೆ ಒಳನುಗ್ಗಿದ ಉಪ್ಪನ್ನು ಅದು ತೊಳೆದು ಹೊರಗಟ್ಟುತ್ತದೆ. ಮರಳು ತಂದು ಕರಾವಳಿಯ ದಂಡೆಯನ್ನು ತುಂಬುತ್ತದೆ. ಕಾಡಿನ ಗೊಬ್ಬರವನ್ನು ಸಮುದ್ರಕ್ಕೆ ಉಣಿಸುತ್ತದೆ. ಸಿಹಿಯೂ ಉಪ್ಪೂ ಬೆರೆತ ಆ ನೀರಿನಲ್ಲಿಯೇ ಸೀಗಡಿ, ಏಡಿ, ಮೀನಿನ ಮರಿಗಳು ಬೆಳೆಯುವುದು. 1865ರಲ್ಲಿ ಬಾಸೆಲ್ ಮಿಷನ್‌ನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದೂ ಹೊಳೆಯ ನೆರೆ ತಂದು ಹಾಕಿದ ಜೇಡಿಮಣ್ಣನ್ನು ನಂಬಿ. ನಮ್ಮ ಹಳೆಯ ಮನೆಗಳ ಮಾಡಿನ ಮಂಗಳೂರು ಹಂಚು ಆ 'ವ್ಯರ್ಥ' ನೀರಿನ ದುಡಿಮೆಯೇ!

ತಾವು ಎತ್ತುವುದು ಮಳೆಗಾಲದ ಹೆಚ್ಚುವರಿ ನೀರು ಮಾತ್ರ ಎಂದು ಸರ್ಕಾರದವರು ಸಮಾಧಾನ ಹೇಳುತ್ತಾರೆ. ಅಳಿವೆ ಉಣ್ಣುವುದೇ ಮಳೆಗಾಲದಲ್ಲಿ! ಉಣ್ಣುವ ಹೊತ್ತಿಗೆ ತಟ್ಟೆ ಎಳೆದುಕೊಂಡು, ಉಳಿದ ಹೊತ್ತು ಮುಟ್ಟುವುದಿಲ್ಲ ಎಂದರೆ ಏನು ಉಪಕಾರ? ಇಡೀ ನದಿಯ ಲೆಕ್ಕದಲ್ಲಿ ಇದು ಸಣ್ಣ ಪಾಲು ಎಂಬ ವಾದವೂ ಉಂಟು. ಆದರೆ ಇಂದು ಒಂದು ಉಪನದಿ, ನಾಳೆ ಇನ್ನೊಂದು ಎಂದು ಹೊರಟರೆ ಒಟ್ಟು ಲೆಕ್ಕ ಇಡುವವರು ಯಾರು? ಹೆಚ್ಚುವರಿ ಎನ್ನಲಾದ ಈ ನೇತ್ರಾವತಿಯನ್ನೇ ಕುಡಿಯುವ ಮಂಗಳೂರು 2016ರ ಮತ್ತು 2019ರ ಬೇಸಗೆಗಳಲ್ಲಿ ಸರದಿಯ ಮೇಲೆ ನೀರು ಪಡೆಯಿತು. ಈಜಿಪ್ಟಿನಲ್ಲಿ 1964ರಿಂದ ಅಸ್ವಾನ್ ಅಣೆಕಟ್ಟು ನೈಲ್ ನದಿಯ ನೆರೆಯನ್ನು ತಡೆದ ಮೇಲೆ, ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 18,000 ಟನ್ ಸಿಗುತ್ತಿದ್ದ ಬೂತಾಯಿ ಜಾತಿಯ ಮೀನು ನಾಲ್ಕೈದು ವರ್ಷಗಳಲ್ಲಿ ಕೆಲವು ನೂರು ಟನ್ನಿಗೆ ಕುಸಿಯಿತು. ಬಲೆ ಖಾಲಿಯಾದದ್ದು ಬಡ ಬೆಸ್ತರದು.

ಈ 'ವ್ಯರ್ಥ' ಎಂಬ ಶಬ್ದ ನಮಗೆ ಹೊಸದಲ್ಲ. ನಮ್ಮ ಅಮೃತಮಹಲ್ ಕಾವಲುಗಳನ್ನು ನೋಡಿ ಬರಡು ಭೂಮಿ ಎಂದವರು ಯಾರು? ಕುರಿ, ದನ, ಕಂಬಳಿ ನೇಕಾರರ ಬದುಕು ನಡೆಸುತ್ತಿದ್ದ ಸುಮಾರು 10,000 ಎಕರೆ ಹುಲ್ಲುಗಾವಲು 2010ರ ಹೊತ್ತಿಗೆ ರಕ್ಷಣಾ, ಅಣುಶಕ್ತಿ, ಬಾಹ್ಯಾಕಾಶ ಸಂಸ್ಥೆಗಳೇ ಮೊದಲಾದವುಗಳ ಪಾಲಾಯಿತು. ಬೇಲಿ ಬಿದ್ದ ಮೇಲೆ ಕುರಿಗಾಹಿ ಹೊರಗೆ ನಿಂತ. ಬಡವನು ಬಳಸುವುದು ಸರ್ಕಾರದ ಕಡತದಲ್ಲಿ ಬರಡು, ವ್ಯರ್ಥ, ಹೆಚ್ಚುವರಿ. ಕಾವಲಿಗೆ ಆದದ್ದೇ ಅಳಿವೆಗೆ ಆಗುವಾಗ ಚಳ್ಳಕೆರೆಯ ಜನ ಚಪ್ಪಾಳೆ ತಟ್ಟುವುದು ಸರಿಯೇ?

ಈ ಯೋಜನೆಯಲ್ಲಿ ತಪ್ಪದೆ ಹರಿದದ್ದು ಹಣ. 2012ರಲ್ಲಿ 8,323 ಕೋಟಿ ರೂಪಾಯಿಯಿದ್ದ ಅಂದಾಜು 2014ರಲ್ಲಿ 12,912 ಕೋಟಿ, 2023ರಲ್ಲಿ 23,251 ಕೋಟಿ ಆಯಿತು. ನೀರಾದರೋ, ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡದ ಲೆಕ್ಕದಂತೆ ಆ ಹೊಳೆಗಳ ಒಟ್ಟು ಇಳುವರಿಯೇ 9.55 ಟಿ.ಎಂ.ಸಿ. ಬಯಲಿನವನ ಬಾಯಾರಿಕೆಯನ್ನು ತೋರಿಸಿ ಗುತ್ತಿಗೆದಾರನ ಚೀಲ ತುಂಬುವ ಈ ವ್ಯಾಪಾರಕ್ಕೆ ನಾವು ಬಾಡಿಗೆ ಸಾಕ್ಷಿಗಳಾಗಬಾರದು. ಭದ್ರಾ ಮೇಲ್ದಂಡೆಗೆ 2023ರ ಕೇಂದ್ರ ಬಜೆಟ್‌ನಲ್ಲಿ ಘೋಷಿಸಿದ 5,300 ಕೋಟಿಗಾಗಿ ಇದೇ ಜಿಲ್ಲೆ ಬೀದಿಗಿಳಿಯಬೇಕಾಯಿತೆಂಬುದನ್ನು ಯಾರೂ ಮರೆತಿಲ್ಲ.

ನಮ್ಮ ಬೇಡಿಕೆ ಸ್ಪಷ್ಟ. ಒಂದು, ಪ್ರತಿ ಒಡ್ಡಿನಲ್ಲಿ ಎತ್ತಿದ ನೀರು ಎಷ್ಟು, ಕೆಳಗೆ ಬಿಟ್ಟದ್ದು ಎಷ್ಟು ಎಂಬುದು ದಿನದಿನವೂ ಜನರ ಕಣ್ಣಿಗೆ ಬೀಳಬೇಕು. ಎರಡು, ಅಳಿವೆಯ ಪಾಲನ್ನು ಮೊದಲು ಗೊತ್ತುಮಾಡಿ ಕಾನೂನಿನಲ್ಲಿ ಬರೆಯಬೇಕು. ಅದನ್ನು ಗೊತ್ತುಮಾಡುವ ಸಮಿತಿಯಲ್ಲಿ ಬೆಸ್ತರಿರಬೇಕು. ಮೂರು, ಅಲ್ಲಿಯವರೆಗೆ ಪಶ್ಚಿಮದ ಬೇರಾವ ಹೊಳೆಯನ್ನೂ ತಿರುಗಿಸಕೂಡದು. ನಾಲ್ಕು, ನಮ್ಮ ಕೆರೆಗಳ ಹೂಳೆತ್ತಿ, ಕಾಲುವೆಯ ಒತ್ತುವರಿ ಬಿಡಿಸಿ, ನಮ್ಮ ಮೇಲೆ ಬೀಳುವ ಮಳೆಯನ್ನು ನಮಗೆ ಉಳಿಸಿಕೊಡಬೇಕು.

ಗಿರಣಿಯ ಕಾರ್ಮಿಕ ಬಂಧುಗಳೇ, ಅಂಗಡಿಕಾರ ಮಿತ್ರರೇ! ನಮಗೆ ನೀರು ಬೇಕು. ಅದು ಹಕ್ಕಾಗಿ ಬೇಕು, ಉಳ್ಳಾಲದ ಬೆಸ್ತನ ಬಲೆಯಿಂದ ಕಿತ್ತುಕೊಂಡದ್ದಾಗಿ ಅಲ್ಲ. ದುಡಿಯುವವರನ್ನು ಘಟ್ಟದ ಮೇಲಿನವರು, ಕೆಳಗಿನವರು ಎಂದು ಒಡೆದು ಆಳುವವರಿಗೆ ಚುನಾವಣೆಯ ಸಭೆಗಳಲ್ಲಿಯೇ ಈ ಪ್ರಶ್ನೆ ಹಾಕಿ ಉತ್ತರ ಪಡೆಯೋಣ.