ಓದಿದವರಿಗೊಂದು ಪಂಕ್ತಿ, ನೋಡಿದವರಿಗೊಂದು ಪಂಕ್ತಿ ಯಾಕೆ?

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಮಲ್ಪೆಯ ಯಾಂತ್ರಿಕ ಬೋಟುಗಳಿಗೆ ರಜೆ. ಬೋಟು ದಡದಲ್ಲಿ, ಬಲೆ ಮಡಿಲಲ್ಲಿ. ಬಲೆ ರಿಪೇರಿ ಮಾಡುವವರ ಕೈಗೆ ಕೆಲಸ ಉಂಟು, ಕಿವಿಗೆ ಇಲ್ಲ. ಹಾಗಾಗಿ ಯಾರಾದರೊಬ್ಬರು ಮೊಬೈಲಿನಲ್ಲಿ ಸಿನೆಮಾ ಹಾಕುತ್ತಾರೆ, ಉಳಿದವರು ಕೇಳುತ್ತಾರೆ. ಆಗಾಗ ತಲೆ ಎತ್ತಿ ನೋಡುತ್ತಾರೆ.

ಒಂದು ಮಧ್ಯಾಹ್ನ ನಾವು ಅಲ್ಲಿದ್ದಾಗ ಹಾಕಿದ್ದು 'ಬೆಳದಿಂಗಳ ಬಾಲೆ'. ಮುಗಿದ ಮೇಲೆ ಒಬ್ಬ ಕಲಾಸಿ ಹುಡುಗ ಹೇಳಿದ, 'ಎಂತ ಸಿನೆಮಾ ಮಾರಾಯ್ರೆ! ಹೀರೋಯಿನ್ ಮುಖವೇ ತೋರಿಸ್ಲಿಲ್ಲ, ಆದ್ರೂ ಕಣ್ಣಲ್ಲಿ ನೀರು ಬಂತು.' ಇನ್ನೊಬ್ಬ ನಕ್ಕ, 'ಆಗ ಟ್ರೂಕಾಲರ್ ಇದ್ದಿದ್ರೆ ಐದು ನಿಮಿಷದ ಸಿನೆಮಾ.'

ಅಲ್ಲೇ ಕುರ್ಚಿ ಹಾಕಿ ಪೇಪರ್ ಓದುತ್ತಿದ್ದ ನಿವೃತ್ತ ಮಾಷ್ಟ್ರೊಬ್ಬರು ತಲೆ ಎತ್ತಿದರು. 'ನೀನು ನೋಡಿದ್ದು ಏನೂ ಅಲ್ಲ. ಕಾದಂಬರಿ ಓದಿದ್ದೀಯಾ? ಓದದೆ ಮಾತಾಡ್ಬೇಡ.' ಹುಡುಗ ಸುಮ್ಮನಾದ. ಮಾತು 'ಜುಗಾರಿ ಕ್ರಾಸ್' ಕಡೆಗೆ ಹೋಯಿತು. ಅದು ಸಿನೆಮಾ ಆಗುತ್ತದೆ ಎಂಬ ಸುದ್ದಿ ಹುಡುಗನಿಗೂ ಗೊತ್ತಿತ್ತು. 'ಬರ್ಲಿ ಮಾಷ್ಟ್ರೆ, ನೋಡ್ತೇನೆ' ಎಂದ. 'ಅದ್ರಲ್ಲಿ ನೋಡ್ಲಿಕ್ಕೆ ಎಂತ ಉಂಟು?' ಎಂದ ಮಾಷ್ಟ್ರು ಎರಡೇ ವಾಕ್ಯದಲ್ಲಿ ಆ ಕಾದಂಬರಿಯ ಕೊನೆಯನ್ನು ಹೇಳಿಬಿಟ್ಟರು.

ಹುಡುಗ ಒಂದೇ ಪ್ರಶ್ನೆ ಕೇಳಿದ. 'ಮಾಷ್ಟ್ರೆ, ನನಗೆ ಓದ್ಲಿಕ್ಕೆ ಪುಸ್ತಕ ಎಲ್ಲಿ ಉಂಟು?' ಉತ್ತರ ಬರಲಿಲ್ಲ.

ನಮ್ಮ ಜಗಳ ಇರುವುದು ಇಲ್ಲೇ. ಮಾಷ್ಟ್ರ ಮೇಲಲ್ಲ, ಅವರು ಊರಿಗೆ ಅಕ್ಷರ ಕಲಿಸಿದವರು. ಓದಿದವರನ್ನು ಮೇಲೆ, ನೋಡಿದವರನ್ನು ಕೆಳಗೆ ಕೂರಿಸುವ ಅಭ್ಯಾಸದ ಮೇಲೆ. ಊಟದ ಪಂಕ್ತಿಭೇದ ತಪ್ಪು ಎಂದು ವಾದ ಮಾಡಿದ ಜಿಲ್ಲೆ ನಮ್ಮದು. ಓದಿನಲ್ಲಿ ಅದೇ ಪಂಕ್ತಿಭೇದ ನಡೆಯುವಾಗ ಯಾರೂ ಮಾತಾಡುವುದಿಲ್ಲ.

ಮೊದಲು 'ಬೆಳದಿಂಗಳ ಬಾಲೆ'ಯನ್ನೇ ತೆಗೆದುಕೊಳ್ಳೋಣ. ಯಂಡಮೂರಿ ವೀರೇಂದ್ರನಾಥರ ಕಾದಂಬರಿ. ಸುನಿಲ್ ಕುಮಾರ್ ದೇಸಾಯಿ ಅದನ್ನು 1995ರಲ್ಲಿ ಸಿನೆಮಾ ಮಾಡಿದರು. ಲ್ಯಾಂಡ್‌ಲೈನ್ ಕಾಲದ ಕಥೆ. ಚೆಸ್ ಆಟಗಾರ ರೇವಂತನಿಗೆ ಫೋನಿನಲ್ಲಿ ಒಂದು ಹೆಣ್ಣುದನಿ ಕೇಳುತ್ತದೆ. ಅವಳು ಯಾರು, ಎಲ್ಲಿಂದ ಮಾತಾಡುತ್ತಾಳೆ ಎಂದು ಅವಳೇ ಕೊಡುವ ಸುಳಿವು ಹಿಡಿದು ಅವನು ಕಂಡುಹಿಡಿಯಬೇಕು. ಕೊನೆಗೆ ಏನಾಯಿತು ಎಂದು ನಾವು ಹೇಳುವುದಿಲ್ಲ.

ಈ ಕಥೆಯ ಬಗ್ಗೆ ಎರಡು ಪಕ್ಷ ಇವತ್ತಿಗೂ ಉಂಟು. ಓದಿದವರ ಪಕ್ಷ ಹೇಳುವುದು: ಪುಸ್ತಕದಲ್ಲಿ ಸುಳಿವು ಸಿಕ್ಕಿದ ಕೂಡಲೇ ಪುಟ ಮುಚ್ಚಿ ನಾವೂ ಯೋಚಿಸಬಹುದು, ರೇವಂತನಿಗಿಂತ ಮೊದಲು ನಾವೇ ಬಿಡಿಸಬಹುದು. ಸಿನೆಮಾ ಕಾಯುವುದಿಲ್ಲ, ಅವನು ಬಿಡಿಸಿದ್ದನ್ನು ನಾವು ನೋಡುವುದು ಅಷ್ಟೇ. ಅವನ ಮನಸ್ಸಿನೊಳಗೆ ನಡೆಯುವುದು ಪುಸ್ತಕದಲ್ಲಿ ಪುಟಗಟ್ಟಲೆ ಉಂಟು, ತೆರೆಯ ಮೇಲೆ ಅಷ್ಟಕ್ಕೆ ಜಾಗ ಇಲ್ಲ. ಈ ಮಾತು ನಿಜ, ನಾವು ಒಪ್ಪುತ್ತೇವೆ.

ನೋಡಿದವರ ಪಕ್ಷ ಹೇಳುವುದು: ಅನಂತನಾಗ್ ಒಬ್ಬರೇ ಫೋನ್ ಹಿಡಿದು ಇಡೀ ಸಿನೆಮಾ ಎಳೆದದ್ದನ್ನು ಯಾವ ಪುಟದಲ್ಲಿ ತೋರಿಸುತ್ತೀರಿ? ಆ ದನಿಯನ್ನು ಯಾವ ಸಾಲಿನಲ್ಲಿ ಕೇಳಿಸುತ್ತೀರಿ? ಇದೂ ನಿಜ.

ಇನ್ನೊಂದು ಮಾತು ನಮ್ಮದು. ಸಿನೆಮಾದ ವ್ಯಾಪಾರ ನಡೆಯುವುದೇ ಮುಖ ತೋರಿಸಿ. ಪೋಸ್ಟರಿನಲ್ಲಿ ಮುಖ, ಹಾಡಿನಲ್ಲಿ ಮುಖ. ಈ ಸಿನೆಮಾದಲ್ಲಿ ನಾಯಕಿಯಾಗಿ ಸುಮನ್ ನಗರ್‌ಕರ್ ನಟಿಸಿದ್ದಾರೆ, ಆದರೆ ಅವರ ಮುಖ ತೋರಿಸಲಿಲ್ಲ. ಓದುವವನಿಗೆ ಅವಳ ಮುಖ ಹೇಗೆ ಕಾಣುವುದಿಲ್ಲವೋ ನೋಡುವವನಿಗೂ ಕಾಣಬಾರದು ಎಂದು ನಿರ್ದೇಶಕ ಹಟ ಹಿಡಿದ ಹಾಗೆ ಉಂಟು. ಪುಸ್ತಕಕ್ಕೆ ಇದಕ್ಕಿಂತ ದೊಡ್ಡ ಮರ್ಯಾದೆ ಎಂತ ಬೇಕು? ಆ ಕಲಾಸಿ ಹುಡುಗ ಹಿಡಿದದ್ದು ಇದನ್ನೇ. ಪುಸ್ತಕ ಓದದೆಯೂ ಪುಸ್ತಕದ ಜೀವ ಎಲ್ಲಿದೆ ಎಂದು ಅವನಿಗೆ ಗೊತ್ತಾಗಿತ್ತು. ನಾವು ಅವನ ಬಾಯಿ ಮುಚ್ಚಿಸಿದೆವು.

'ಮೂಲ ಓದದೆ ಮಾತಾಡ್ಬೇಡ' ಎನ್ನುವವರಿಗೆ ಒಂದು ಪ್ರಶ್ನೆ. ಯಂಡಮೂರಿ ಬರೆದದ್ದು ತೆಲುಗಿನಲ್ಲಿ. ಮೂಲದ ಹೆಸರು 'ವೆನ್ನೆಲ್ಲೋ ಆಡಪಿಲ್ಲ'. ನಮ್ಮಲ್ಲಿ ಹೆಚ್ಚಿನವರು ಓದಿದ್ದು ಕನ್ನಡ ಅನುವಾದ. ಹಾಗಾದರೆ ತೆಲುಗು ಬಲ್ಲವರು ಬಂದು ನಮ್ಮನ್ನೂ ಪಂಕ್ತಿಯಿಂದ ಎಬ್ಬಿಸಬಹುದಲ್ಲ? ಕಥೆ ತೆಲುಗಿನಿಂದ ಕನ್ನಡಕ್ಕೆ ಬಂದಾಗ ಬದಲಾಗಲಿಲ್ಲವಾ? ಕಾಗದದಿಂದ ತೆರೆಗೆ ಬಂದಾಗ ಮಾತ್ರ ಮೈಲಿಗೆ ಹೇಗೆ?

ನಾವು ಯಕ್ಷಗಾನದ ಊರಿನವರು. ಪ್ರಸಂಗ ಪುಸ್ತಕದಲ್ಲಿ ಇರುವುದು ಪದ್ಯ ಮಾತ್ರ. ಅರ್ಥ ವೇಷಧಾರಿಯದ್ದು. ಇವತ್ತಿನ ಕರ್ಣ ಹೇಳಿದ್ದನ್ನು ನಾಳೆಯ ಕರ್ಣ ಹೇಳುವುದಿಲ್ಲ. ತಾಳಮದ್ದಳೆಯಲ್ಲಂತೂ ಒಂದೇ ಪದ್ಯಕ್ಕೆ ಇಬ್ಬರು ಅರ್ಥಧಾರಿಗಳು ಎರಡು ದಾರಿ ಹಿಡಿಯುತ್ತಾರೆ, ನಾವು ತಲೆದೂಗುತ್ತೇವೆ. ಕಾಲಮಿತಿಯ ಆಟದಲ್ಲಿ ಪದ್ಯ ಬಿಟ್ಟರೆ ಗೊಣಗುತ್ತೇವೆ. ಗೊಣಗುವ ಹಕ್ಕು ನಮಗೆ ಉಂಟು. ಆದರೆ ಪ್ರಸಂಗ ಪುಸ್ತಕ ಓದದೆ ಆಟಕ್ಕೆ ಬರಬೇಡಿ ಎಂದು ಗೇಟಿನಲ್ಲಿ ಯಾರನ್ನೂ ತಡೆದದ್ದು ನಾವು ಕೇಳಿಲ್ಲ. ಆಟಕ್ಕೆ ಇಲ್ಲದ ನಿಯಮ ಸಿನೆಮಾಕ್ಕೆ ಎಲ್ಲಿಂದ ಬಂತು?

ಈಗ 'ಜುಗಾರಿ ಕ್ರಾಸ್'. ಪೂರ್ಣಚಂದ್ರ ತೇಜಸ್ವಿಯವರ ಈ ಕಾದಂಬರಿ ಇವತ್ತಿಗೂ ಅಂಗಡಿಯಲ್ಲಿ ಖರ್ಚಾಗುವ ಪುಸ್ತಕ. ಏಲಕ್ಕಿ ಮಾರಲು ಹೊರಟ ಗಂಡ ಹೆಂಡತಿ, ಘಟ್ಟದ ಕಾಡು, ರೈಲು, ಹಳೆಯ ಕವಿಯೊಬ್ಬನ ಕೃತಿಯಲ್ಲಿ ಅಡಗಿದ ಒಗಟು, ಎಲ್ಲವೂ ಸುಮಾರು ಒಂದು ಹಗಲು ಒಂದು ರಾತ್ರಿಯೊಳಗೆ. 2025ರಲ್ಲಿ ಗುರುದತ್ತ ಗಾಣಿಗ ನಿರ್ದೇಶನ, ರಾಜ್ ಬಿ. ಶೆಟ್ಟಿ ನಟನೆ ಎಂದು ಸಿನೆಮಾದ ಘೋಷಣೆಯಾಯಿತು. ಆವತ್ತೇ ಓದುಗರು ಎರಡು ಭಾಗವಾದರು. 'ತೇಜಸ್ವಿಯವರನ್ನು ಮುಟ್ಟಬೇಡಿ' ಎನ್ನುವವರು ಒಂದು ಕಡೆ, 'ಬರ್ಲಿ, ನೋಡುವ' ಎನ್ನುವವರು ಇನ್ನೊಂದು ಕಡೆ.

ಮುಟ್ಟಬೇಡಿ ಎನ್ನುವವರ ಹೆದರಿಕೆ ಸುಳ್ಳಲ್ಲ. ಆ ಕಾದಂಬರಿಯ ಒಗಟು ಅಕ್ಷರದ ಒಗಟು. ಅದನ್ನು ಕ್ಯಾಮೆರಾದಲ್ಲಿ ಹೇಗೆ ಹಿಡಿಯುವುದು? ಕಾಡು ಕಳ್ಳಸಾಗಣೆಯ ಭಾಗವೆಲ್ಲ ಬರೀ ಫೈಟ್ ಆಗಿಬಿಟ್ಟರೆ? ಈ ಪ್ರಶ್ನೆ ಕೇಳಲೇಬೇಕು. ಆದರೆ ಮುಟ್ಟಬೇಡಿ ಎನ್ನುವುದು ಪ್ರಶ್ನೆಯಲ್ಲ, ಬೀಗ.

ತೇಜಸ್ವಿಯವರನ್ನು ಮುಟ್ಟಿದವರು ಹಿಂದೆಯೂ ಇದ್ದರು. ಅವರ 'ತಬರನ ಕಥೆ'ಯನ್ನು ಗಿರೀಶ ಕಾಸರವಳ್ಳಿ ಸಿನೆಮಾ ಮಾಡಿದರು, ರಾಷ್ಟ್ರಪ್ರಶಸ್ತಿ ಬಂತು. 'ಡೇರ್‌ಡೆವಿಲ್ ಮುಸ್ತಫಾ' 2023ರಲ್ಲಿ ಬಂತು. ಅದಕ್ಕೆ ಹಣ ಹಾಕಿದ್ದು ನೂರು ಮಂದಿ ತೇಜಸ್ವಿ ಅಭಿಮಾನಿಗಳು. ಓದಿದವರೇ ಕಿಸೆಯಿಂದ ದುಡ್ಡು ತೆಗೆದು, ಓದದವರಿಗೂ ಕಥೆ ಮುಟ್ಟಲಿ ಎಂದರು. ಪುಸ್ತಕದ ಪ್ರೀತಿ ಎಂದರೆ ನಮ್ಮ ಲೆಕ್ಕದಲ್ಲಿ ಇದು. ಪ್ರೀತಿ ಇದ್ದವ ಕರೆದು ಕೂರಿಸುತ್ತಾನೆ, ಬಾಗಿಲು ಹಾಕುವುದಿಲ್ಲ.

ಇನ್ನು ಕೆಲವರು ಬೇರೆ ದಾರಿಯಿಂದ ಬರುತ್ತಾರೆ. 'ಪುಸ್ತಕವೂ ಬೇಡ, ಸಿನೆಮಾವೂ ಬೇಡ. ರಹಸ್ಯ, ಥ್ರಿಲ್ಲರ್ ಎಲ್ಲ ಟೈಮ್‌ಪಾಸ್. ಓದುವುದಾದರೆ ಗಂಭೀರವಾದದ್ದು ಓದಿ.' ಒಂದು ಕಾಲದಲ್ಲಿ ನಾವೂ ಹೀಗೆ ಹೇಳಿದ್ದೆವು. ಕಾಲೇಜಿನಲ್ಲಿ ಯಂಡಮೂರಿ ಹೆಸರು ಹೇಳಿದವನನ್ನು ನೋಡಿ ನಕ್ಕಿದ್ದೆವು. ಅದು ತಪ್ಪು. ನಮ್ಮ ಮನೆಗಳಲ್ಲಿ ಅಮ್ಮಂದಿರು, ಚಿಕ್ಕಮ್ಮಂದಿರು ವಾರಪತ್ರಿಕೆಯ ಧಾರಾವಾಹಿಯ ಪುಟ ಕತ್ತರಿಸಿ, ದಾರ ಹಾಕಿ ಹೊಲಿದು ಪುಸ್ತಕ ಮಾಡಿ ಇಟ್ಟದ್ದನ್ನು ನೋಡಿದವರು ನಾವು. ಅವರನ್ನು ಓದುವ ಅಭ್ಯಾಸಕ್ಕೆ ಎಳೆದದ್ದು 'ಮುಂದೆ ಏನಾಯಿತು' ಎಂಬ ಒಂದೇ ಪ್ರಶ್ನೆ.

ಮಲ್ಪೆಗೆ ಆ ಪ್ರಶ್ನೆಯ ಭಾರ ಗೊತ್ತುಂಟು. 2018ರ ಡಿಸೆಂಬರಿನಲ್ಲಿ ಏಳು ಮೀನುಗಾರರನ್ನು ಕೊಂಡುಹೋದ 'ಸುವರ್ಣ ತ್ರಿಭುಜ' ಬೋಟು ಸಂಪರ್ಕ ಕಳೆದುಕೊಂಡಿತು. ಅವಶೇಷ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ, ಮಹಾರಾಷ್ಟ್ರದ ಕಡಲಿನಲ್ಲಿ, ನೌಕಾಪಡೆಯ ಹುಡುಕಾಟದಲ್ಲಿ. ನಡುವಿನ ತಿಂಗಳುಗಳಲ್ಲಿ ಊರಿನಲ್ಲಿ ಎಷ್ಟು ಕಥೆ ಹುಟ್ಟಿತು, ಮೊಬೈಲಿನಲ್ಲಿ ಎಷ್ಟು ಸುದ್ದಿ ಓಡಾಡಿತು! ಅದು ಕಾದಂಬರಿಯಲ್ಲ, ಏಳು ಮನೆಗಳ ಸಂಕಟ. ಅದನ್ನು ಕಥೆಯ ಸಾಲಿನಲ್ಲಿ ಇಡುವುದು ನಮ್ಮ ಉದ್ದೇಶ ಅಲ್ಲ. ನಾವು ಹೇಳುವುದು ಇಷ್ಟೇ. ಯಾರು ಕಂಡರು, ಯಾರು ಹೇಳಿದರು, ಸುಳಿವು ಎಲ್ಲಿ ಉಂಟು, ಅದು ತಾಳೆ ಆಗುತ್ತದಾ ಎಂದು ಕೇಳುವ ಅಭ್ಯಾಸ ಆಗ ನಮ್ಮಲ್ಲಿ ಕಡಿಮೆ ಇತ್ತು. ಒಳ್ಳೆಯ ರಹಸ್ಯ ಕಾದಂಬರಿ ಕಲಿಸುವುದು ಇದನ್ನೇ. ಬಂದ ಮೆಸೇಜನ್ನು ಹಾಗೆಯೇ ದಾಟಿಸುವವನಿಗೆ ಈ ಪಾಠ ಬೇಕು. ಇದು ಟೈಮ್‌ಪಾಸ್ ಅಲ್ಲ.

ಇದನ್ನು ಹೇಳುವ ಸಿನೆಮಾ ನಮ್ಮ ಊರಿನ ಕಥೆಯನ್ನೇ ಇಟ್ಟುಕೊಂಡು ಬಂದಿತ್ತು. ರಕ್ಷಿತ್ ಶೆಟ್ಟಿಯವರ 'ಉಳಿದವರು ಕಂಡಂತೆ', 2014. ಅದು ಕಾದಂಬರಿಯಿಂದ ಬಂದದ್ದಲ್ಲ, ತೆರೆಗೇ ಬರೆದ ಕಥೆ. ಅಷ್ಟಮಿಯ ಹೊತ್ತಿನಲ್ಲಿ ನಡೆದ ಒಂದು ಘಟನೆಯನ್ನು ಪತ್ರಕರ್ತೆಯೊಬ್ಬಳು ಬೇರೆ ಬೇರೆಯವರ ಬಾಯಿಂದ ಕೇಳುತ್ತಾ ಹೋಗುತ್ತಾಳೆ. ಒಬ್ಬರು ಕಂಡದ್ದನ್ನು ಇನ್ನೊಬ್ಬರು ಕಂಡಿಲ್ಲ. ಬಿಡುಗಡೆಯಾದಾಗ ಅದರ ಬಗ್ಗೆಯೂ ಎರಡು ಪಕ್ಷ ಆಯಿತು. 'ತಲೆಬುಡ ಅರ್ಥ ಆಗ್ಲಿಲ್ಲ' ಎಂದವರು ಇದ್ದರು, ಎರಡು ಮೂರು ಸಲ ನೋಡಿದವರೂ ಇದ್ದರು. ಯಾರನ್ನೂ ಯಾರೂ ಎಬ್ಬಿಸಲಿಲ್ಲ. ದಕ್ಕೆಯಲ್ಲಿ ಕೂತು ವಾದ ಮಾಡಿದರು. ಆ ವಾದದಿಂದಲೇ ಸಿನೆಮಾ ಉಳಿಯಿತು. ಪುಸ್ತಕ, ಸಿನೆಮಾದ ಜಗಳವೂ ಹಾಗೆಯೇ ಇರಲಿ. ಓದಿದವರು ಕಂಡಂತೆ ಒಂದು, ನೋಡಿದವರು ಕಂಡಂತೆ ಇನ್ನೊಂದು. ಎರಡೂ ಸೇರಿದರೆ ಕಥೆ ದೊಡ್ಡದಾಗುತ್ತದೆ.

ಕೊನೆಯನ್ನು ಹೇಳಿಬಿಡುವವರಿಗೆ ಮಾತ್ರ ನಾವು ಕ್ಷಮೆ ಕೊಡುವುದಿಲ್ಲ. ಕರ್ಣ ಸಾಯುತ್ತಾನೆ ಎಂದು ಗೊತ್ತಿದ್ದೂ ನಾವು ಬೆಳಗಿನವರೆಗೆ ಆಟ ನೋಡುತ್ತೇವೆ, ಸರಿ. ರಹಸ್ಯ ಕಾದಂಬರಿ ಹಾಗಲ್ಲ. ಅದರ ಕೊನೆ ಎಂದರೆ ಓದುವವನ ಕೂಲಿ. ಮುನ್ನೂರು ಪುಟ ದುಡಿದವನಿಗೆ ಸಿಗಬೇಕಾದದ್ದು. ವಾದ ಗೆಲ್ಲಲಿಕ್ಕೆ ಇನ್ನೊಬ್ಬನ ಕೂಲಿ ಕಸಿಯಬೇಡಿ. ಓದಿದವರು ಹೇಳಿದರೂ ತಪ್ಪು, ಸಿನೆಮಾ ನೋಡಿ ಬಂದವರು ಸ್ಟೇಟಸ್ ಹಾಕಿದರೂ ತಪ್ಪು.

ಈಗ ಆ ಹುಡುಗನ ಪ್ರಶ್ನೆಗೆ ಬರುವ. ಪುಸ್ತಕ ಎಲ್ಲಿ ಉಂಟು?

ನಿಮ್ಮ ಮನೆ ತೆರಿಗೆಯ ರಶೀದಿ ತೆಗೆದು ನೋಡಿ. ಗ್ರಂಥಾಲಯ ಕರ ಎಂಬ ಸಾಲು ಉಂಟು. ತೆರಿಗೆಯ ನೂರಕ್ಕೆ ಆರು ರೂಪಾಯಿ. 2,000 ರೂಪಾಯಿ ತೆರಿಗೆ ಕಟ್ಟುವ ಮನೆಯವರು 120 ರೂಪಾಯಿ ಪುಸ್ತಕಕ್ಕೆಂದು ಕೊಡುತ್ತಾರೆ. ಮಲ್ಪೆ ಉಡುಪಿ ನಗರಸಭೆಗೆ ಸೇರಿದೆ. ಪಕ್ಕದ ತೆಂಕನಿಡಿಯೂರು, ಬಡಾನಿಡಿಯೂರು ಗ್ರಾಮ ಪಂಚಾಯತ್‌ಗಳು. ಪಂಚಾಯತ್ ಗ್ರಂಥಾಲಯವನ್ನು ಈಗ ಅರಿವು ಕೇಂದ್ರ ಎಂದು ಕರೆಯುತ್ತಾರೆ. ದುಡ್ಡು ನಮ್ಮದು. ಹಾಗಾದರೆ ಯಾವ ಪುಸ್ತಕ ಬೇಕು ಎಂದು ಕೇಳುವವರೂ ನಾವೇ ಆಗಬೇಕು.

ಒಂದು ಹಾಳೆ ತೆಗೆದುಕೊಳ್ಳಿ. 'ನಮಗೆ ಜುಗಾರಿ ಕ್ರಾಸ್ ಬೇಕು, ಬೆಳದಿಂಗಳ ಬಾಲೆ ಬೇಕು, ಒಂದೊಂದು ಸಾಲದು, ಎರಡೆರಡು ಪ್ರತಿ ಬೇಕು' ಎಂದು ಬರೆಯಿರಿ. ಹತ್ತು ಜನ ಸಹಿ ಹಾಕಿ ಗ್ರಂಥಾಲಯದವರ ಕೈಗೆ ಕೊಡಿ. ಪಂಚಾಯತ್‌ನವರು ಗ್ರಾಮಸಭೆಯಲ್ಲಿ ಎದ್ದು ನಿಂತು ಓದಿ ಹೇಳಿ. ರಸ್ತೆ, ಚರಂಡಿ ಕೇಳುವ ಹಾಗೆಯೇ ಕೇಳಿ. ಆಗಸ್ಟ್ 1ಕ್ಕೆ ಬೋಟು ಇಳಿಯುತ್ತದೆ. ಆಳಸಮುದ್ರಕ್ಕೆ ಹೋದವರು ಎಷ್ಟೋ ದಿನ ನೀರಿನ ಮೇಲೆ. ನೆಟ್‌ವರ್ಕ್ ಇಲ್ಲದ ಜಾಗದಲ್ಲಿ ಪುಸ್ತಕಕ್ಕೆ ಚಾರ್ಜ್ ಬೇಡ.

ಮಾಷ್ಟ್ರೇ, ನಿಮ್ಮಲ್ಲಿಯೂ ಒಂದು ಕೇಳಿಕೆ. ನಿಮ್ಮ ಕಪಾಟಿನಲ್ಲಿ ಆ ಕಾದಂಬರಿ ಇದ್ದರೆ ಮುಂದಿನ ಸಲ ಬಲೆ ಶೆಡ್ಡಿಗೆ ಬರುವಾಗ ತನ್ನಿ. ಓದಿದ್ದೀಯಾ ಎಂದು ಕೇಳುವ ಬದಲು, ಓದ್ತೀಯಾ ಎಂದು ಕೇಳಿ. ಕೊನೆ ಹೇಳಬೇಡಿ.