ಗೆಲ್ಲದ ಬಂಡಾಯದ ಕಥೆ

ಬಂಡಾಯಗಾರರು ಎದೆ ಸೆಟೆಸಿ ಹೋರಾಡಬೇಕು, ಕೊನೆಗೆ ಸರ್ವಾಧಿಕಾರಿ ಮಣ್ಣು ಮುಕ್ಕಬೇಕು. ಅಂತರಿಕ್ಷದ ಸಾಹಸಕಥೆಗಳು ಪ್ರೇಕ್ಷಕನಿಗೆ ಕೊಟ್ಟುಕೊಂಡು ಬಂದ ಭರವಸೆ ಇದು. ‘ಸ್ಟಾರ್ ವಾರ್ಸ್’ ಬ್ರಿಟನ್ನಿನ ಚಿತ್ರಮಂದಿರಗಳಿಗೆ ಬಂದದ್ದು 1977ರ ಡಿಸೆಂಬರ್ ಕೊನೆಗೆ. ಅದಾಗಿ ವಾರ ತುಂಬುವ ಮೊದಲೇ, 1978ರ ಜನವರಿ 2ರಂದು, ಬಿಬಿಸಿಯಲ್ಲಿ ‘ಬ್ಲೇಕ್ಸ್ 7’ ಧಾರಾವಾಹಿ ಶುರುವಾಯಿತು. ಅದು ಅಂಥ ಯಾವ ಭರವಸೆಯನ್ನೂ ಕೊಡಲಿಲ್ಲ.

ಇದರ ಜನಕ ಟೆರಿ ನೇಷನ್, ‘ಡಾಕ್ಟರ್ ಹೂ’ ಧಾರಾವಾಹಿಗೆ ಡಾಲೆಕ್ ಎಂಬ ಖಳರನ್ನು ಕೊಟ್ಟಾತ. ಮೊದಲ ಕಂತಿನಲ್ಲೇ ಜನರ ಅನ್ನ ನೀರಿಗೆ ಮತ್ತಿನ ಮದ್ದು ಬೆರೆಸುವ ಸರ್ಕಾರವಿದೆ. ಆ ಸರ್ಕಾರ ನೆನಪು ಅಳಿಸಿಹಾಕಿದ ಬಂಡಾಯಗಾರ ಬ್ಲೇಕ್ ಮತ್ತೆ ತಲೆಯೆತ್ತಿದರೆ ಅವನನ್ನು ಕೊಂದು ಹುತಾತ್ಮನಾಗಿಸುವಷ್ಟು ದಡ್ಡರಲ್ಲ ಆಳುವವರು. ಮಕ್ಕಳ ಮೇಲೆ ದೌರ್ಜನ್ಯ ಎಸಗಿದವನೆಂದು ಸುಳ್ಳು ಮೊಕದ್ದಮೆ ಹೂಡಿ, ಮಾನ ಕಳೆದು, ಕೈದಿಗಳ ಗ್ರಹಕ್ಕೆ ಅಟ್ಟುತ್ತಾರೆ. ಸುಳ್ಳನ್ನು ಪತ್ತೆ ಹಚ್ಚಿದ ವಕೀಲ ಹೆಂಡತಿಯ ಜತೆಗೇ ಹೆಣವಾಗುತ್ತಾನೆ.

ಬ್ಲೇಕ್‌ಗೆ ಸಿಗುವ ಸಂಗಾತಿಗಳೋ, ಬಹುಪಾಲು ಕಳ್ಳಕಾಕರು. ಬ್ಯಾಂಕಿಗೇ ಕನ್ನ ಹಾಕಲು ಹೋಗಿ ಸಿಕ್ಕಿಬಿದ್ದ ಕಂಪ್ಯೂಟರ್ ನಿಪುಣ ಏವನ್‌ಗೆ ಕ್ರಾಂತಿಯ ಮಾತೆಂದರೆ ಮೈಯುರಿ. ಎರಡನೇ ಸರಣಿಯಲ್ಲಿ ಇವರೆಲ್ಲ ಜೀವ ಪಣಕ್ಕಿಟ್ಟು ಶತ್ರುವಿನ ನಿಯಂತ್ರಣ ಕೇಂದ್ರಕ್ಕೆ ನುಗ್ಗಿದರೆ ಅಲ್ಲಿರುವುದು ಖಾಲಿ ಕೋಣೆ! ಕೇಂದ್ರ ಯಾವಾಗಲೋ ಬೇರೆಡೆಗೆ ಹೋಗಿದೆ. ವಾಪಸಾಗುವಾಗ ಒಬ್ಬ ಗೆಳೆಯ ಸಾಯುತ್ತಾನೆ, ಏನನ್ನೂ ಸಾಧಿಸದೆ.

ನಾಲ್ಕನೇ ಸರಣಿಯ ‘ಆರ್ಬಿಟ್’ ಕಂತನ್ನು ನೋಡಬೇಕು. ಏವನ್ ಇರುವ ನೌಕೆ ಮೇಲೇರಲು ಇನ್ನೂ 70 ಕಿಲೊ ಭಾರ ಇಳಿಸಬೇಕು. ಬಿಸಾಡಲು ಏನೂ ಉಳಿದಿಲ್ಲ. ಜತೆಗಾರ ವಿಲಾ 73 ಕಿಲೊ ತೂಗುತ್ತಾನೆಂದು ಕಂಪ್ಯೂಟರ್ ಹೇಳುತ್ತದೆ. ಏವನ್ ನಯವಾದ ದನಿಯಲ್ಲಿ ಅವನನ್ನು ಕರೆಯುತ್ತ ಹುಡುಕುತ್ತಾನೆ. ವಿಲಾ ಮೂಲೆಯಲ್ಲಿ ಅಡಗಿ ನಡುಗುತ್ತಿರುತ್ತಾನೆ. ಬೇರೊಂದು ಉಪಾಯ ಹೊಳೆದು ಇಬ್ಬರೂ ಬದುಕುತ್ತಾರೆ, ನಂಬಿಕೆ ಮಾತ್ರ ಬದುಕುವುದಿಲ್ಲ.

ಅಗ್ಗದ ಸೆಟ್ಟು, ಅನ್ಯಗ್ರಹವೆಂದು ತೋರಿಸುವ ಕಲ್ಲುಕ್ವಾರಿ, ಇವಕ್ಕೆ ನಗುವವರು ನಗಲಿ. 1981ರ ಡಿಸೆಂಬರ್ 21ರ ಕೊನೆಯ ಕಂತಿನಲ್ಲಿ, ಕ್ರಿಸ್‌ಮಸ್‌ಗೆ ನಾಲ್ಕೇ ದಿನ ಇರುವಾಗ, ಬ್ಲೇಕ್ ದ್ರೋಹ ಬಗೆದನೆಂದು ತಪ್ಪು ತಿಳಿದು ಏವನ್ ಅವನನ್ನೇ ಗುಂಡಿಟ್ಟು ಕೊಂದ. ಸಂಗಾತಿಗಳು ಒಬ್ಬೊಬ್ಬರಾಗಿ ಉರುಳಿದರು. ಸುತ್ತುವರಿದ ಸೈನಿಕರ ನಡುವೆ ಏವನ್ ಬಂದೂಕೆತ್ತಿ ನಕ್ಕ, ಅಷ್ಟೆ. ಗುಟ್ಟು ಬಿಟ್ಟುಕೊಟ್ಟೆನೆಂದು ಬೈಯಬೇಡಿ, ನಾಲ್ಕು ದಶಕ ದಾಟಿದೆ. 52 ಕಂತು ನೋಡುವ ವ್ಯವಧಾನ ಇಲ್ಲದಿದ್ದರೆ ಮೊದಲನೆಯದು, ‘ಆರ್ಬಿಟ್’, ಕೊನೆಯದು, ಈ ಮೂರನ್ನಾದರೂ ಇದೇ ಕ್ರಮದಲ್ಲಿ ನೋಡಿ.